ಡಬ್ಬಕ್ಕೊಂದು ಹಿಡಿ

ನಮ್ಮತ್ತೆ ದೊಡ್ಡಮುನಿಯಮ್ಮನ ಬಲಗೈ ದೊಡ್ಡದು. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಆ ಕಾಲದಲ್ಲಿ ಹಲಸೂರಿನಲ್ಲಿ ರಾಗಿ ಬೀಸಿಸಿದ ಯಾವ ಹೆಂಗಸನ್ನು ಕೇಳಿದರೂ ಮೊದಲು ಆ ಕೈಯ ಮಾತನ್ನೇ ಎತ್ತುತ್ತಾಳೆ. ಮಿಷನ್ನಿನ ಬಾಯಿಂದ ಬಿಸಿಬಿಸಿ ಹಿಟ್ಟು ಡಬ್ಬಕ್ಕೆ ಬಿದ್ದು ಮುಗಿಯಿತೋ ಇಲ್ಲವೋ, ಆ ಕೈ ಒಳಗೆ ಇಳಿಯುತ್ತಿತ್ತು. ಬೆರಳು ಅಗಲಿಸಿಕೊಂಡು ಆಳಕ್ಕೆ ಹೋಗಿ, ತುಂಬಿಕೊಂಡು ಮೇಲೆ ಬರುತ್ತಿತ್ತು. ಪಕ್ಕದಲ್ಲಿದ್ದ ತಾಮ್ರದ ಹಂಡೆಗೆ ಆ ಹಿಟ್ಟು ಸುರಿದು, ಅಂಚಿಗೆ ಕೈಯನ್ನು ಒಮ್ಮೆ ತಟ್ಟಿ, ಮುಂದಿನ ಡಬ್ಬಕ್ಕೆ ಕಣ್ಣು ಹಾಕುತ್ತಿದ್ದಳು. ಬೀಸಿದ್ದಕ್ಕೆ ಕಾಸು ಬೇರೆ. ಕಾಸು ಮಿಷನ್ನಿಗೆ, ಹಿಡಿ ನನಗೆ ಅನ್ನುವುದು ಅವಳ ಕಾನೂನು.

ಅವಳು ಸಾಯುವವರೆಗೂ ಎದುರಿಗೆ ನಾನು ನೀವು ಅಂತಲೇ ಮಾತಾಡಿಸಿದೆ. ಬರೆಯುವಾಗ ಅವಳು ಅನ್ನುತ್ತೇನೆ. ಅಷ್ಟು ಸ್ವಾತಂತ್ರ್ಯ ನನಗೂ ಇರಲಿ.

ಅವಳು ಬೈಯಪ್ಪನಹಳ್ಳಿಗೆ ಮದುವೆಯಾಗಿ ಬಂದವಳು. ಗಂಡ ಚಿಕ್ಕವೆಂಕಟಪ್ಪ ಬೇಗ ಹೋದ. ಮೈದುನಂದಿರು ಹೊಲದ ಬದುವಿಗೂ ಕಾಲಿಡಲು ಬಿಡದಿದ್ದಾಗ, ಹಾಲು ಕುಡಿಯುವ ಮಗನನ್ನು ಕಂಕುಳಿಗೆ ಹಾಕಿಕೊಂಡು ಹಲಸೂರಿಗೆ ನಡೆದು ಬಂದಳು. ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಮನೆಮನೆಗೆ ಹೋಗಿ ರಾಗಿ ಬೀಸಿಕೊಟ್ಟಳು. ಆಗ ಬೀಸುವ ಕೂಲಿ ಅಂದರೆ ಹಿಟ್ಟೇ: ಸೇರು ರಾಗಿ ಬೀಸಿದರೆ ಒಂದು ಹಿಡಿ. ಮನೆಯ ಯಜಮಾನಿಯರು ತಮ್ಮ ಕೈಯಲ್ಲಿ, ಬೆರಳು ಬಿಗಿ ಮಾಡಿಕೊಂಡು, ಹಿಡಿ ಹಾಕಲು ಬರುತ್ತಿದ್ದರಂತೆ. ಇವಳು ಒಪ್ಪಲಿಲ್ಲ. ಬೀಸಿದ ಕೈಗೇ ಹಿಡಿ, ಬೀಸಿದ ಕೈಯಲ್ಲೇ ಅಳತೆ ಅಂತ ಬೀದಿಗೆ ಕೇಳುವಂತೆ ಕೂಗಾಡಿ, ಕಲ್ಲಿನ ಮುಂದೆ ಅಲ್ಲಾಡದೆ ಕೂತು ಗೆದ್ದಳಂತೆ. ಆ ಕಥೆಯನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಪ್ರತಿ ಸಲವೂ ಹೇಳಿ ಮುಗಿಸಿ, ಆ ಕೈಯನ್ನು ನನ್ನ ಮುಖದ ಮುಂದೆ ಹಿಡಿಯುತ್ತಿದ್ದಳು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಮಿಲಿಟರಿಯವರು ಬೈಯಪ್ಪನಹಳ್ಳಿಯ ಆ ಹೊಲವನ್ನು ಬೇರೆಯವರದ್ದರ ಜೊತೆಗೆ ತೆಗೆದುಕೊಂಡು ಪರಿಹಾರ ಕೊಟ್ಟರು. ನಮ್ಮತ್ತೆ ಮೈದುನಂದಿರ ಜಗಲಿಯ ಮೇಲೆ ಹೋಗಿ ಕೂತು, ಅವರ ವಂಶವನ್ನೆಲ್ಲ ಜಾಲಾಡಿ, ಗಂಡನ ಪಾಲನ್ನು ಕಿತ್ತುಕೊಂಡು ಬಂದಳು. ಅದರಲ್ಲಿ ಹಲಸೂರಿನ ಬಜಾರಿನ ಹಿಂದಿನ ಬೀದಿಯಲ್ಲಿ ಒಂದು ಮಳಿಗೆ ಹಿಡಿದು, ಕರೆಂಟಿನ ಮೋಟಾರು ಹಾಕಿಸಿ, ರಾಗಿ ಮಿಷನ್ ಇಟ್ಟಳು. ಬೀಸುವ ಕೆಲಸವನ್ನು ಮೋಟಾರು ವಹಿಸಿಕೊಂಡಿತು. ಹಿಡಿ ತೆಗೆಯುವ ಕೆಲಸವನ್ನು ಇವಳು ಬಿಡಲಿಲ್ಲ.

ನಾನು ಆದಿಲಕ್ಷ್ಮಿ, ಕೃಷ್ಣರಾಜಪುರದವಳು. ನಮ್ಮಮ್ಮನಿಗೆ ಹೆಣ್ಣುಮಕ್ಕಳೇ ಹೆಚ್ಚು, ಮನೆಯ ಕಲ್ಲು ದೊಡ್ಡದು. ಬುದ್ಧಿ ಬಂದಾಗಿನಿಂದ ನಾನು ಬೆಳಗ್ಗೆ ಎದ್ದು ಹಿಡಿದದ್ದು ಆ ಕಲ್ಲಿನ ಗೂಟವನ್ನೇ. ಅಂಗೈಯಲ್ಲಿ ಜಡ್ಡು ಕಟ್ಟಿ, ಕೂತು ಕೂತು ಸೊಂಟ ಹಿಡಿದು, ಬೀಸುವ ಹೊತ್ತಿನಲ್ಲಿ ಅತ್ತದ್ದೂ ಉಂಟು. ಮದುವೆ ಕೂಡಿಸಲು ಬಂದವರು ಹುಡುಗ ಬೈಲಪ್ಪನ ಬಣ್ಣ ಹೇಳಲಿಲ್ಲ, ಗುಣ ಹೇಳಲಿಲ್ಲ. ಮಿಷನ್ ಮನೆ ಕಣಮ್ಮ, ನಿಮ್ಮ ಹುಡುಗಿ ಬೀಸೋ ಹಾಗಿಲ್ಲ ಅಂದರು. ನಾನು ಒಳಗಿನಿಂದಲೇ ಒಪ್ಪಿಕೊಂಡೆ. ಗಂಡನೂ ಕೆಟ್ಟವನಲ್ಲ, ಮೋಟಾರಿಗೆ ಬೆಲ್ಟು ಹಾಕುವುದು, ತೆಗೆಯುವುದು, ತಾಯಿ ಬೈದರೆ ಒಳಗೆ ಹೋಗುವುದು, ಇಷ್ಟೇ ಅವನ ಬಾಳು. ಬಂದ ದಿನ ಹಿತ್ತಲಿನಲ್ಲಿ, ಎಮ್ಮೆ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಹಳೆಯ ಬೀಸುವ ಕಲ್ಲನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ಅತ್ತೆ ನನ್ನ ಮುಖ ನೋಡಿ ಹಲ್ಲು ಬಿಟ್ಟಳು.

"ಇರ್ಲಿ ಬಿಡು. ಮಿಷನ್ ನಿಂತ್ರೆ ಬೇಕಾಗ್ತದೆ. ಕಲ್ಲೂ ಇದೆ, ಈಗ ಕೈಯೂ ಬಂತು."

ಅಂದಿನಿಂದ ಮಿಷನ್ ಸದ್ದು ನಿಂತರೆ ನನ್ನ ಜೀವ ಹಾರುತ್ತಿತ್ತು. ಬೇರೆ ಸೊಸೆಯರು ಗಂಡನ ಆಯಸ್ಸಿಗೆ ಹರಕೆ ಹೊತ್ತರೆ, ನಾನು ಮೋಟಾರಿಗೆ ಹೊತ್ತೆ.

ನಮ್ಮ ಮಿಷನ್ನಿಗೆ ಹಗಲು ಅಷ್ಟಾಗಿ ಜನ ಬರುತ್ತಿರಲಿಲ್ಲ. ಸುತ್ತಲಿನ ಕೇರಿಗಳ ಹೆಂಗಸರು ಬಂಗಲೆಗಳಲ್ಲಿ ಪಾತ್ರೆ ತಿಕ್ಕುವವರು, ಇಟ್ಟಿಗೆ ಹೊರುವವರು, ಮಿಲಿಟರಿ ಗೋಡೌನಿನಲ್ಲಿ ಗೋಣಿ ಹೊಲಿಯುವವರು. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದು, ರೇಷನ್ ರಾಗಿಯಲ್ಲಿ ಅಂದಿನದ್ದನ್ನು ಡಬ್ಬಕ್ಕೆ ಹಾಕಿಕೊಂಡು, ಒಲೆಯ ಮೇಲೆ ಎಸರಿಟ್ಟೇ ಓಡಿ ಬರುತ್ತಿದ್ದರು. ಅಂದಂದಿನ ಹಿಟ್ಟು ಅಂದಂದಿಗೆ. ದೀಪ ಹಚ್ಚುವ ಹೊತ್ತಿಗೆ ನಮ್ಮ ಮಳಿಗೆಯ ಮುಂದೆ ಡಬ್ಬಗಳ ಸಾಲು, ಸಾಲಿನ ಪಕ್ಕ ಜಗಳ, ಜಗಳದ ಮೇಲೆ ಮೋಟಾರಿನ ಸದ್ದು. ಅಷ್ಟರ ಮೇಲೂ ನಮ್ಮತ್ತೆಯ ದನಿ ಕೇಳುತ್ತಿತ್ತು. ಮಿಷನ್ನಿನ ಪಕ್ಕ ವರ್ಷಗಟ್ಟಲೆ ಕೂತು ಅವಳ ಕಿವಿ ಅರ್ಧ ಹೋಗಿತ್ತು, ಮಾತೆಲ್ಲ ಕೂಗೇ ಆಗಿತ್ತು.

ಯುದ್ಧ ಮುಗಿದ ಮರುವರ್ಷ, ಒಂದು ಬೆಳಗ್ಗೆ ಬಜಾರಿನಲ್ಲಿ ತಮಟೆ ಹೊಡೆದರು. ತಮಿಳಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ, ಸಾಬರ ಮಾತಿನಲ್ಲಿ ಒಂದು ಸಲ ಕೂಗಿದರು: ಕರೆಂಟಿನ ದರ ಹೊಸದಾಗಿ ಗೊತ್ತು ಮಾಡುತ್ತಾರೆ, ಅದಕ್ಕೊಂದು ಸಮಿತಿ ಕೂರುತ್ತದೆ, ಸಾರ್ವಜನಿಕರು ಬಂದು ತಮ್ಮ ಕಷ್ಟಸುಖ ಹೇಳಬಹುದು. ನನಗೆ ಏನೂ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವರು ಅಹ್ಮದ್ ಪಾಷಾ. ಶಿವಾಜಿನಗರದಲ್ಲಿ ಅವರದು ಸೋಡಾ ಕಾರ್ಖಾನೆ. ಮೋಟಾರು ಇಟ್ಟವರಿಗೆಲ್ಲ ಅವರೇ ಹಿರಿಯರು, ಕೋಪವನ್ನು ಗಡ್ಡದೊಳಗೆ ಇಟ್ಟುಕೊಂಡು ಮೆಲ್ಲಗೆ ಮಾತಾಡುವವರು.

"ನೋಡಿ ಅಮ್ಮಾ, ಶಿವನಸಮುದ್ರದ ಕರೆಂಟು ಈಗ ಸಾಲ್ತಾ ಇಲ್ಲ. ಸಂಜೆ ಬಂಗಲೆ ಲೈಟು, ಬೀದಿ ಲೈಟು, ನಮ್ಮ ಮೋಟಾರು, ಎಲ್ಲಾ ಒಂದೇ ಟೈಮಿಗೆ. ಮೋಟಾರಿಗೆ ಕಡಿಮೆ ದರ ಅಲ್ವಾ ನಮ್ದು? ಇನ್ಮೇಲೆ ಸಂಜೆ ಮೋಟಾರು ಓಡಿಸಿದ್ರೆ ದೀಪದ ದರ ಹಾಕ್ತಾರಂತೆ, ಜೋಗದ ಕರೆಂಟು ಬರೋವರೆಗೂ."

"ದೀಪದ ದರ ಕೊಟ್ಟು ರಾಗಿ ಬೀಸಿದ್ರೆ ನಾನು ಮಣ್ಣು ತಿನ್ಬೇಕು," ಅಂದಳು ನಮ್ಮತ್ತೆ. "ಹೆಚ್ಚು ಕೇಳಿದ್ರೆ ಈ ಹೆಂಗಸರು ಕೊಡ್ತಾರಾ? ನನ್ನೇ ಬೀಸ್ಕೊಂಡು ತಿಂತಾರೆ."

"ಅದಕ್ಕೇ ಹೇಳೋದು. ನಾವು ಮಾಲೀಕರು ಹೋಗಿ ಅತ್ರೆ ಕೇಳಲ್ಲ ಅವರು, ಹೊಟ್ಟೆ ತುಂಬಿದ ಸೇಠುಗಳು ಅಂತಾರೆ. ನೀವು ಆ ಹೆಂಗಸರನ್ನೇ ಕರ್ಕೊಂಡು ಬನ್ನಿ. ಸಂಜೆ ಮಿಷನ್ ನಿಂತ್ರೆ ನಮ್ಮ ಮಕ್ಕಳಿಗೆ ಮುದ್ದೆ ಇಲ್ಲ ಅಂತ ಅವರ ಬಾಯಲ್ಲೇ ಬರ್ಲಿ."

ಪಾಷಾ ಸಾಬರು ಹೋದ ಮೇಲೆ ಅತ್ತೆ ಹಿತ್ತಲ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದಳು. ಸಂಜೆ ಮೋಟಾರು ನಿಂತರೆ ಕಲ್ಲು ಹೊರಗೆ ಬರುತ್ತದೆ, ಕಲ್ಲಿನ ಮುಂದೆ ನಾನು ಕೂರುತ್ತೇನೆ. ಕೃಷ್ಣರಾಜಪುರದಿಂದ ತಪ್ಪಿಸಿಕೊಂಡು ಬಂದದ್ದು ಹಲಸೂರಿನಲ್ಲಿ ಕಾದು ಕೂತಿತ್ತು.

ಅಂದೇ ಸಂಜೆಯಿಂದ ಅತ್ತೆ ಹೆಂಗಸರಿಗೆ ಪಾಠ ಹೇಳಲು ಶುರುಮಾಡಿದಳು. ಹಿಂಗೆ ಹೇಳಿ, ಹಂಗೆ ಅಳಿ, ಮಕ್ಕಳ ಹೆಸರು ಎತ್ತಿ. ಪಾಠ ಹೇಳುತ್ತಲೇ ಡಬ್ಬದೊಳಗೆ ಕೈ ಇಳಿಸುತ್ತಿದ್ದಳು. ಸಾಲಿನಲ್ಲಿ ಯಾವಾಗಲೂ ಮುಂದೆ ನಿಲ್ಲುತ್ತಿದ್ದವಳು ವೆಂಕಟಮ್ಮ. ಇಟ್ಟಿಗೆ ಹೊರುವವಳು, ಕತ್ತಿನ ನರ ಹಗ್ಗದ ಹಾಗೆ ಉಬ್ಬಿದವಳು, ಯಾರಿಗೂ ಸೊಪ್ಪು ಹಾಕದವಳು. ಅವಳ ಕಣ್ಣು ಪಾಠದ ಮೇಲೆ ಇರಲಿಲ್ಲ. ತನ್ನ ಡಬ್ಬದಿಂದ ಮೇಲೆ ಬರುತ್ತಿದ್ದ ಕೈಯ ಮೇಲಿತ್ತು.

ನನಗೆ ತಡೆಯಲಿಲ್ಲ. "ಅತ್ತೆ, ಸಭೆ ಮುಗಿಯೋ ತನಕ ಹಿಡಿ ತೆಗೀಬೇಡಿ. ಅವರು ನಮ್ಮ ಪರವಾಗಿ ಮಾತಾಡ್ಬೇಕಲ್ವಾ," ಅಂದೆ.

"ಏನಂದೆ? ಹಿಡಿ ಬಿಡ್ಲಾ? ನಿಮ್ಮಪ್ಪ ತಂದು ಹಾಕ್ತಾನಾ ನನ್ನ ಹಂಡೆಗೆ? ಒಂದು ಸಲ ಬಿಟ್ರೆ ಬಿಟ್ಟಂಗೇ. ಇದು ನನ್ನ ಕೂಲಿ ಕಣೇ, ಭಿಕ್ಷೆ ಅಲ್ಲ. ಇವತ್ತು ಹಿಡಿ ಬಿಡು ಅಂತೀಯ, ನಾಳೆ ಮನೆ ಬಿಡು ಅಂತೀಯ!"

ಬೀದಿಯೆಲ್ಲ ಕೇಳಿತು. ಹೆಂಗಸರೂ ಕೇಳಿಸಿಕೊಂಡರು. ಹಿಡಿ ಬಿಡುವ ಬದಲು ಅವರಿಗೆ ಜಟಕಾ ಸವಾರಿ, ಕಾಫಿ ಕೊಡಿಸುತ್ತೇನೆ ಅಂದಳು. ಜಟಕಾ ಅಂದದ್ದಕ್ಕೆ ಬಂದರೇ ಹೊರತು ನಮ್ಮ ಮೋಟಾರಿನ ಮೇಲಿನ ಪ್ರೀತಿಗೆ ಯಾರೂ ಬರಲಿಲ್ಲ. ಅವರಲ್ಲಿ ಹೆಚ್ಚಿನವರು ಅದುವರೆಗೆ ಜಟಕಾದ ಮೇಲೆ ಕೂತವರಲ್ಲ, ಹಿಂದೆ ಓಡಿದವರು.

ಸಭೆಯ ದಿನ ನಮ್ಮ ಬೀದಿಯ ಕರೀಮನ ಜಟಕಾ, ಅವನ ನಂಟರ ಜಟಕಾ, ಎಲ್ಲ ಬಂದವು. ಹೆಂಗಸರು ಒಗೆದ ಸೀರೆ ಉಟ್ಟು, ಹೂ ಮುಡಿದು, ಮದುವೆಗೆ ಹೊರಟ ಹಾಗೆ ಏರಿ ಕೂತರು. ಅತ್ತೆ ಮುಂದಿನ ಜಟಕಾದಲ್ಲಿ ಪಟ್ಟದ ರಾಣಿ. ಪೆರೇಡ್ ಮೈದಾನದ ಆಚೆ ಎತ್ತರದ ಕಿಟಕಿಗಳ ಕಟ್ಟಡದಲ್ಲಿ ಸಭೆ. ಮೇಲೆ ಮೇಜಿನ ಹಿಂದೆ ಕೆಂಪು ಮುಖದ ದೊರೆ, ಅವನ ಪಕ್ಕದಲ್ಲಿ ಮೈಸೂರು ಸರ್ಕಾರದ ಪೇಟದ ಇಂಜಿನಿಯರು, ಇನ್ನೊಂದು ಪಕ್ಕದಲ್ಲಿ ನಿದ್ದೆ ತಡೆಯುತ್ತಿದ್ದ ಒಬ್ಬ ಮುದುಕ. ಕೆಳಗೆ ಮುಂದಿನ ಕುರ್ಚಿಗಳಲ್ಲಿ ಬಂಗಲೆಯವರು. ನಮಗೆ ಹಿಂದೆ, ಗೋಡೆಯ ಪಕ್ಕ ನಿಲ್ಲಲು ಜಾಗ. ಸಾರ್ವಜನಿಕರಲ್ಲೂ ಕುರ್ಚಿಯವರು, ಗೋಡೆಯವರು ಅಂತ ಎರಡು ಜಾತಿ ಇರುತ್ತದೆಂದು ಅಂದು ತಿಳಿಯಿತು.

ಮೊದಲು ಒಬ್ಬ ರಿಟೈರಾದ ಬಿಳಿ ಸಾಹೇಬ ಎದ್ದ. ಸಂಜೆ ಊಟಕ್ಕೆ ಕೂತರೆ ದೀಪ ಮಿಣಮಿಣ ಅನ್ನುತ್ತದೆ, ತಟ್ಟೆಯಲ್ಲಿರುವುದು ಮೀನೋ ಮಾಂಸವೋ ಕಾಣುವುದಿಲ್ಲ, ಇದಕ್ಕೆಲ್ಲ ಬಜಾರಿನ ಮೋಟಾರುಗಳೇ ಕಾರಣ ಅಂತ ಹೇಳಿದನಂತೆ. ಪಾಷಾ ಸಾಬರು ನಮಗೆ ಕಿವಿಯಲ್ಲಿ ಹೇಳಿದರು. ಆಮೇಲೆ ಒಬ್ಬ ಹೆಂಗಸು, ತೋಳಿಲ್ಲದ ರವಿಕೆಯವಳು, ಮೋಟಾರಿನಿಂದ ತನ್ನ ರೇಡಿಯೋ ಕರಕರ ಅನ್ನುತ್ತದೆಂದಳು. ಇವರಿಗೆ ಮುದ್ದೆಯ ಚಿಂತೆಯಿಲ್ಲ, ಮಾತು ಮುಗಿಸಿ ಕೂರುವಾಗ ಬಟ್ಟೆಯೂ ಕೊಳೆಯಾಗುವುದಿಲ್ಲ. ಪಾಷಾ ಸಾಬರು ಎದ್ದು ತಮ್ಮ ಮೆಲುದನಿಯಲ್ಲಿ ಇಂಗ್ಲಿಷು, ಕನ್ನಡ ಬೆರೆಸಿ ಮಾತಾಡಿದರು. ಇಂಜಿನಿಯರು ತಲೆ ಅಲ್ಲಾಡಿಸಿದ, ಬರೆದುಕೊಳ್ಳಲಿಲ್ಲ.

ಆಮೇಲೆ ನಮ್ಮತ್ತೆ. ಮಿಷನ್ನಿನ ಪಕ್ಕ ನಿಂತ ಹಾಗೇ ನಿಂತು, ಆ ಸದ್ದಿಲ್ಲದ ಜಾಗದಲ್ಲಿ ಕೂಗಿದಳು. "ಸ್ವಾಮೀ!" ಅಂದದ್ದೇ ತಡ, ನಿದ್ದೆ ಹೋಗಿದ್ದ ಮುದುಕ ಬೆಚ್ಚಿ ಎದ್ದ. ದೊರೆ ಕಿವಿಗೆ ಕೈ ಇಟ್ಟುಕೊಂಡ. ಬಂಗಲೆಯವರು ನಗು ತಡೆದರು. ತಾನು ಕೂಗುತ್ತಿದ್ದೇನೆಂದು ಅವಳಿಗೆ ಗೊತ್ತೇ ಇಲ್ಲ. ಮೆಲ್ಲಗೆ ಅಂತ ನಾನು ಸೆರಗು ಎಳೆದೆ, ಕೈ ಕೊಡವಿದಳು.

"ನನ್ನ ಮಾತು ಬೇಡ ಸ್ವಾಮಿ, ಈ ಬಡವರನ್ನ ಕೇಳಿ. ಸಂಜೆ ಮಿಷನ್ ನಿಂತ್ರೆ ಇವರು ಏನ್ ತಿಂತಾರೆ ಕೇಳಿ. ಬಾರೇ ವೆಂಕಟಮ್ಮ, ಮುಂದೆ ಬಾ!"

ವೆಂಕಟಮ್ಮ ಮುಂದೆ ಹೋದಳು. ಇಂಜಿನಿಯರು ಕನ್ನಡದಲ್ಲೇ, ಸಮಾಧಾನವಾಗಿ, ಮುಂದಕ್ಕೆ ಬಾಗಿ ಕೇಳಿದ: "ನಿನಗೇನು ಕಷ್ಟ, ಹೇಳಮ್ಮ."

ಆ ಒಂದು ಮಾತೇ ನಮ್ಮನ್ನು ಮುಳುಗಿಸಿತು. ವೆಂಕಟಮ್ಮನ ಜೀವಮಾನದಲ್ಲಿ ಮೇಜಿನ ಹಿಂದೆ ಕೂತವರು ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಪಾಠವೆಲ್ಲ ಅವಳ ತಲೆಯಿಂದ ಹಾರಿಹೋಯಿತೋ, ಇಲ್ಲ ಅವಳೇ ಓಡಿಸಿದಳೋ, ನನಗೆ ಇಂದಿಗೂ ಗೊತ್ತಿಲ್ಲ. ಗಟ್ಟಿಯಾಗಿ ನಿಂತು, ಸೆರಗು ಸಿಕ್ಕಿಸಿಕೊಂಡಳು.

"ಸ್ವಾಮಿ, ಕರೆಂಟು ಗಿರೆಂಟು ನಮಗ್ಗೊತ್ತಿಲ್ಲ. ನಮ್ಮನೇಲಿ ಸೀಮೆಎಣ್ಣೆ ಬುಡ್ಡಿ. ನಮ್ಮ ಕಷ್ಟ ಅಂದ್ರೆ ಈಯಮ್ಮ. ಬೀಸಿದ್ದಕ್ಕೆ ಕಾಸೂ ಈಸ್ಕೊಂತಾಳೆ, ಡಬ್ಬಕ್ಕೊಂದು ಹಿಡಿ ಹಿಟ್ಟೂ ತೆಗೀತಾಳೆ. ಅದನ್ನ ನಿಲ್ಸಿ ಪುಣ್ಯ ಕಟ್ಕೊಳ್ಳಿ."

ಹಿಂದಿನಿಂದ ಮಂಜುಳಮ್ಮ ಅನ್ನುವವಳು ನುಗ್ಗಿ ಬಂದಳು. "ಹಿಡಿ ಅಂದ್ರೆ ನಮ್ಮ ನಿಮ್ಮ ಹಿಡಿ ಅಲ್ಲ ಸ್ವಾಮಿ, ಆಯಮ್ಮನ ಹಿಡಿ! ನನ್ನ ಮಗೂ ಮುದ್ದೆ ಅದರಲ್ಲೇ ಹೋಯ್ತದೆ!" ಅಷ್ಟೇ, ಗೋಡೆಯ ಪಕ್ಕ ನಿಂತವರೆಲ್ಲ ಬಾಯಿ ಬಿಟ್ಟರು. ಎಮ್ಮೆಗೆ ಹಾಕುತ್ತಾಳೆ, ಮಾರುತ್ತಾಳೆ, ನಾವು ಕಣ್ಣು ತಪ್ಪಿಸಿದರೆ ಎರಡನೇ ಸಲ ಕೈ ಹಾಕುತ್ತಾಳೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಇವರು ಬಂದದ್ದು ನಮ್ಮ ಜಟಕಾದಲ್ಲಿ, ಕುಡಿದದ್ದು ನಮ್ಮ ಕಾಫಿ! ಸಂಜೆ ಮಿಷನ್ ನಿಲ್ಲುವುದೆಂಬ ಮಾತೇ ಇವರಿಗೆ ನೆನಪಿಲ್ಲ. ದರ ಅಂದರೆ ಸರ್ಕಾರಕ್ಕೂ ನಮ್ಮತ್ತೆಗೂ ಇರುವ ವ್ಯವಹಾರ ಅಂದುಕೊಂಡಿದ್ದರು. ತಮಗೂ ದರಕ್ಕೂ ನಡುವೆ ಅವರು ಕಂಡದ್ದು ಆ ಒಂದು ಕೈಯನ್ನು ಮಾತ್ರ.

ನಮ್ಮತ್ತೆಗೆ ಕಿವಿ ಅರ್ಧ ಹೋಗಿದ್ದರೂ ಇದು ಪೂರ್ತಿ ಕೇಳಿಸಿತು. ಬಲಗೈ ಎತ್ತಿಕೊಂಡು ಮುಂದೆ ನುಗ್ಗಿದಳು. "ಈ ಕೈಯಲ್ಲಿ ನಿಮ್ಮಮ್ಮಂದಿರಿಗೆ ರಾಗಿ ಬೀಸಿ ಹಾಕಿದೀನಿ ಕಣ್ರೇ! ನನ್ನ ಉಪ್ಪು ತಿಂದ ಬೇವರ್ಸಿಗಳಾ!" ಅಂತ ಕೂಗಿದಳು. ಐದೂ ಬೆರಳು ಅಗಲಿಸಿದ ಆ ಕೈಯನ್ನು ಸಭೆಯೆಲ್ಲ ನೋಡಿತು. ದೊರೆಯೂ ನೋಡಿದ. ಮಂಜುಳಮ್ಮ ಹೇಳಿದ್ದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಏನಮ್ಮ, ಹಿಡಿ ತೆಗೆಯೋದು ನಿಜವಾ?" ಇಂಜಿನಿಯರು ಕೇಳಿದ.

"ನಿಜ. ಬೀಸಿದ ಕೈಗೆ ಹಿಡಿ. ಅದು ಮೊದಲಿಂದ ಬಂದ ಕೂಲಿ."

"ಬೀಸೋದು ನಿನ್ನ ಕೈಯಲ್ಲವಲ್ಲ, ಮೋಟಾರು. ಮೋಟಾರು ಓಡೋದು ನಮ್ಮ ಕರೆಂಟಿನಲ್ಲಿ. ಹಾಗಾದ್ರೆ ಆ ಹಿಡಿ ಸರ್ಕಾರಕ್ಕೆ ಬರ್ಬೇಕು." ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ದೊರೆಗೆ ಇಂಗ್ಲಿಷಿನಲ್ಲಿ ಹೇಳಿದ. ದೊರೆ ಹೊಟ್ಟೆ ಕುಲುಕಿಸಿಕೊಂಡು ನಕ್ಕ. ಬಂಗಲೆಯವರೂ ನಕ್ಕರು. ನಮ್ಮ ಹೆಂಗಸರೂ, ಅರ್ಥವಾದವರು ಆಗದವರು ಎಲ್ಲ, ನಕ್ಕರು. ಪಾಷಾ ಸಾಬರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಇಂಜಿನಿಯರು ಬರೆದುಕೊಂಡ. ಅದುವರೆಗೆ ಏನೂ ಬರೆಯದವನು ಆಗ ಎಷ್ಟು ಚೆನ್ನಾಗಿ ಬರೆದುಕೊಂಡ!

ಹೊರಗೆ ಬಂದು ಅತ್ತೆ ಕರೀಮನಿಗೆ ಹೇಳಿದಳು: "ಗಾಡಿ ಹೊಡ್ಕೊಂಡು ಹೋಗು. ಇವರು ನಡ್ಕೊಂಡು ಬರ್ತಾರೆ. ಬಾಯಿ ಅಷ್ಟು ಗಟ್ಟಿ ಇರೋರಿಗೆ ಕಾಲೂ ಗಟ್ಟಿ ಇರ್ತದೆ." ಹೆಂಗಸರು ಬೈದುಕೊಂಡೇ ಹೊರಟರು. ನಾನು ಜಟಕಾ ಹತ್ತಲು ಹೋದರೆ ನನ್ನನ್ನೂ ಇಳಿಸಿದಳು. ನಾನೇನು ಮಾಡಿದ್ದೆ? ಹಿಡಿ ಬಿಡಿ ಅಂತ ಮೊದಲೇ ಹೇಳಿದ್ದೆ, ಅದೇ ನನ್ನ ತಪ್ಪು. ಅವಳೊಬ್ಬಳೇ ಖಾಲಿ ಜಟಕಾದಲ್ಲಿ ಕೂತು ಹೋದಳು. ನಾನು ಆ ಬಿಸಿಲಲ್ಲಿ ವೆಂಕಟಮ್ಮನ ಹಿಂದೆ ಹಲಸೂರಿನವರೆಗೆ ಅವಳ ಬೆನ್ನನ್ನೇ ನೋಡಿಕೊಂಡು ನಡೆದೆ. ಆ ಬೆನ್ನಿಗೆ ಒಂದು ಗುದ್ದಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಕೆರೆಯ ಹತ್ತಿರ ಬಂದಾಗ ಕೇಳಿಯೇ ಬಿಟ್ಟೆ. "ಅಲ್ಲಾ ವೆಂಕಟಮ್ಮಕ್ಕ, ಸಂಜೆ ಮಿಷನ್ ನಿಲ್ಸಿದ್ರೆ ಏನ್ ಮಾಡ್ತೀಯಾ?"

"ಯಾಕೆ ನಿಲ್ಸ್ತಾರೆ? ಹಿಡಿ ನಿಲ್ಸಿ ಅಂದೆ, ಮಿಷನ್ ನಿಲ್ಸಿ ಅಂದ್ನಾ?" ಅಂದಳು.

ಆರ್ಡರು ಬರುವ ಮೊದಲೇ ಹಿತ್ತಲಿನಿಂದ ಟಕಟಕ ಸದ್ದು ಕೇಳಿತು. ಹೋಗಿ ನೋಡಿದರೆ ಕಲ್ಲುಕುಟಿಗ ಕೂತು ಬೀಸುವ ಕಲ್ಲಿಗೆ ಉಳಿ ಹೊಡೆಯುತ್ತಿದ್ದ. ನುಣುಪಾದ ಕಲ್ಲಿನಲ್ಲಿ ರಾಗಿ ನುರಿಯುವುದಿಲ್ಲ, ಹಲ್ಲು ಕೂರಿಸಬೇಕು. ಅತ್ತೆ ಎದುರಿಗೆ ನಿಂತು, ಇಲ್ಲಿ ಹೊಡಿ, ಅಲ್ಲಿ ಹೊಡಿ ಅನ್ನುತ್ತಿದ್ದಳು. ಒಂದೊಂದು ಏಟೂ ನನ್ನ ಅಂಗೈಗೆ ಬಿದ್ದ ಹಾಗಾಯಿತು. ನಾನು ಕೊಟ್ಟಿಗೆಯೊಳಗೆ ಹೋಗಿ ಎಮ್ಮೆಯ ಮೈಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ಎಮ್ಮೆ ಬಾಲ ಬೀಸಿತು.

ಆರ್ಡರು ಪಾಷಾ ಸಾಬರು ಮೊದಲು ಹೇಳಿದ ಹಾಗೇ ಬಂತು. ಸಂಜೆ ಮೋಟಾರು ಓಡಿಸಿದರೆ ದೀಪದ ದರ. ಸಣ್ಣ ಮಿಷನ್ನುಗಳಿಗೆ ರಿಯಾಯಿತಿ ಕೊಡುವ ಯೋಚನೆ ಇತ್ತಂತೆ. ಮಿಷನ್ನಿನವರು ಜನರಿಂದ ಆಗಲೇ ಬೇಕಾದಷ್ಟು ಕಿತ್ತುಕೊಳ್ಳುತ್ತಿದ್ದಾರೆಂದು ಸಾರ್ವಜನಿಕರೇ ಹೇಳಿದ್ದರಿಂದ ಅದನ್ನು ಕೈಬಿಟ್ಟರಂತೆ. ಪಾಷಾ ಸಾಬರು ಇದನ್ನು ಹೇಳಿ, ನಮ್ಮತ್ತೆಯ ಮುಖ ನೋಡಲಾರದೆ, ಒಂದು ಲೋಟ ನೀರು ಕುಡಿದು ಎದ್ದು ಹೋದರು.

ಮೊದಲ ಸಂಜೆ ಬಂತು. ಹೊತ್ತಿಗೆ ಸರಿಯಾಗಿ ನನ್ನ ಗಂಡ ಬೆಲ್ಟು ತೆಗೆದ. ಮೋಟಾರು ಗೊರಗೊರ ಅಂದು ಸುಮ್ಮನಾಯಿತು. ಬೀದಿ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಆ ಹೊತ್ತಿನಲ್ಲಿ ಕೇಳಿರಲೇ ಇಲ್ಲ. ಹೆಂಗಸರು ಡಬ್ಬ ಹಿಡಿದುಕೊಂಡು ಬಂದರು. ಕದ ಅರ್ಧ ಹಾಕಿತ್ತು. ಕದದ ಮುಂದೆ ಗೋಣಿ ಹಾಸಿ ಕಲ್ಲು ಇಟ್ಟಿತ್ತು, ಕಲ್ಲಿನ ಪಕ್ಕ ನಾನು ನಿಂತಿದ್ದೆ. ಅತ್ತೆ ಒಳಗಿನಿಂದ ಮರದ ಸ್ಟೂಲು ತಂದು, ಮೆಟ್ಟಿಲ ಮೇಲೆ ಹಾಕಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಳು.

"ಸಾರ್ವಜನಿಕರೆಲ್ಲ ಬಂದ್ರಾ? ಬನ್ನಿ ಬನ್ನಿ. ದರ ಗೊತ್ತು ಮಾಡ್ಬೇಕು."

ಯಾರೂ ನಗಲಿಲ್ಲ. ಮಂಜುಳಮ್ಮ ಮೆಲ್ಲಗೆ ಕೇಳಿದಳು: "ಮಿಷನ್ ಹಾಕಲ್ವಾ ಮುನಿಯಮ್ಮಕ್ಕ?"

"ಮಿಷನ್ನಾ? ನೀವೇ ಹೋಗಿ ಹೇಳಿ ನಿಲ್ಸಿದ್ರಲ್ಲ ದೊರೆ ಹತ್ರ! ಹಗಲು ಬನ್ನಿ, ಹಾಕ್ತೀನಿ. ಈಗ ಕಲ್ಲು. ನಿನಗೇನು ಕಷ್ಟ, ಹೇಳಮ್ಮ." ಇಂಜಿನಿಯರ ದನಿಯನ್ನು ಆಡಿಕೊಂಡಳು. ಅರ್ಧ ಕಿವಿಯಲ್ಲಿ ಅದನ್ನು ಹೇಗೆ ಹಿಡಿದಿದ್ದಳೋ.

ಹಗಲು ಬಂದರೆ ಕೂಲಿ ಹೋಗುತ್ತದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳು ಮನೆಯಲ್ಲಿ ಹಸಿದು ಕೂತಿವೆ, ಒಲೆಯ ಮೇಲೆ ಎಸರು ಮರಳುತ್ತಿದೆ. ಏನು ಮಾಡಿದೆವು ಅನ್ನುವುದು ಅವರ ಮುಖದ ಮೇಲೆ ಇಳಿಯುವುದನ್ನು ನಾನು ನಿಂತು ನೋಡಿದೆ. ನನಗೆ ಅಯ್ಯೋ ಅನ್ನಿಸಲಿಲ್ಲ. ನನ್ನ ಕೈಗಳಿಗಾಗಿ ಯಾರು ಅಯ್ಯೋ ಅಂದಿದ್ದರು?

"ನೀವೇ ಕೂತು ಬೀಸ್ಕೊಂಡ್ರೆ ಕಾಸೂ ಬೇಡ, ಹಿಡೀನೂ ಬೇಡ," ಅಂದಳು ಅತ್ತೆ. "ನಾವು ಬೀಸಿಕೊಡ್ಬೇಕು ಅಂದ್ರೆ ಕಾಸು ಬೇಡ, ಸೇರಿಗೆ ಎರಡು ಹಿಡಿ. ತಕರಾರು ಇದ್ದೋರು ಹೇಳಿ, ಬರ್ಕೊಂತೀನಿ."

ವೆಂಕಟಮ್ಮ ಕಲ್ಲನ್ನು ನೋಡಿದಳು. ಹಗಲೆಲ್ಲ ಇಟ್ಟಿಗೆ ಹೊತ್ತ ಕತ್ತು ಒಂದು ಕಡೆಗೆ ವಾಲಿತ್ತು. ಕೂತುಕೊಳ್ಳಲು ಬಾಗಿದಳು, ಸೊಂಟ ಹಿಡಿದು ಮತ್ತೆ ಎದ್ದಳು. ಡಬ್ಬವನ್ನು ಕಲ್ಲಿನ ಪಕ್ಕ ಇಟ್ಟಳು. "ಎರಡೇ ತಗೋ," ಅಂದಳು. ಅಂದು ಸಭೆಯಲ್ಲಿ ಆಡಿದ ಗಟ್ಟಿ ದನಿ ಎಲ್ಲಿ ಹೋಗಿತ್ತೋ.

"ಕೂತ್ಕೊಳ್ಳೇ," ಅಂದಳು ಅತ್ತೆ ನನಗೆ.

ಕೂತೆ. ಕಾಲು ಚಾಚಿ ಗೂಟ ಹಿಡಿದ ಕೂಡಲೇ ಅಂಗೈ ತನ್ನ ಹಳೆಯ ಜಾಗ ಹುಡುಕಿಕೊಂಡಿತು. ಕಲ್ಲು ಹೊಸ ಹಲ್ಲಿನದು, ಭಾರ ಎಳೆಯಿತು. ರಾಗಿ ಹಾಕಿದೆ, ತಿರುಗಿಸಿದೆ, ಹಾಕಿದೆ, ತಿರುಗಿಸಿದೆ. ಬೆವರು ಕಣ್ಣಿಗಿಳಿಯಿತು, ಬೊಬ್ಬೆ ಎದ್ದಿತು, ಹೆಂಗಸರು ಸುತ್ತ ನಿಂತು ನೋಡಿದರು, ಅತ್ತೆ ಸ್ಟೂಲಿನ ಮೇಲಿಂದ ನೋಡಿದಳು. ವೆಂಕಟಮ್ಮನ ಸೇರು ಮುಗಿಯಿತು. ಗೋಣಿಯ ಮೇಲೆ ಹಿಟ್ಟಿನ ಗುಡ್ಡೆ. ಮುಗಿಯಿತೋ ಇಲ್ಲವೋ, ಸ್ಟೂಲಿನಿಂದ ಆ ಕೈ ಇಳಿದು ಬಂತು, ಐದೂ ಬೆರಳು ಅಗಲಿಸಿಕೊಂಡು.

ನಾನು ಆ ಮಣಿಕಟ್ಟನ್ನು ಹಿಡಿದುಕೊಂಡೆ.

"ಬೀಸಿದ ಕೈಗೇ ಹಿಡಿ, ಅತ್ತೆ," ಅಂದೆ. "ಬೀಸಿದ ಕೈಯಲ್ಲೇ ಅಳತೆ. ನೀವೇ ಹೇಳಿದ್ದು."

ನನ್ನ ಗಂಡ ಒಳಗೆ ಹೋದ. ಅತ್ತೆ ಕೈ ಕಿತ್ತುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ಹಿಟ್ಟು ಮೆತ್ತಿದ ನನ್ನ ಬೆರಳುಗಳು ಅವಳ ಕೈಯನ್ನು ಸುತ್ತಿ ಮುಟ್ಟಲೂ ಸಾಲಲಿಲ್ಲ. ಬಾಯಿ ತೆರೆದಳು, ಬೀದಿ ಹಾರಿಹೋಗುವ ಹಾಗೆ ಬೈಯುತ್ತಾಳೆ ಅಂದುಕೊಂಡೆ. ವೆಂಕಟಮ್ಮ ನಡುವೆ ಹೇಳಿದಳು: "ಅವಳು ಅಂದದ್ದು ಸರಿ ಮುನಿಯಮ್ಮಕ್ಕ. ನಿನ್ನ ಕಾನೂನೇ ಅಲ್ವಾ." ವೆಂಕಟಮ್ಮನ ಬಾಯಲ್ಲಿ ನನ್ನ ಪರವಾಗಿ ಬಂದ ಮಾತು ಅದೊಂದೇ. ಅದೂ ನನ್ನ ಮೇಲಿನ ಪ್ರೀತಿಗಲ್ಲ, ಅತ್ತೆಯ ಮೇಲಿನ ಸಿಟ್ಟಿಗೆ.

ಅತ್ತೆ ನನ್ನನ್ನೇ ನೋಡಿದಳು. ಅಷ್ಟು ದ್ವೇಷವನ್ನು ನಾನು ಬೇರೆ ಯಾವ ಕಣ್ಣಲ್ಲೂ ಕಂಡಿಲ್ಲ. ಆಮೇಲೆ ಸ್ಟೂಲನ್ನು ಕಾಲಿನಿಂದ ಒದ್ದು, ಸೀರೆ ಮೇಲೆ ಸೆಕ್ಕಿಕೊಂಡು, ಕಲ್ಲಿನ ಆಚೆ ಬದಿಗೆ, ನನ್ನ ಎದುರಿಗೆ ದೊಪ್ಪೆಂದು ಕೂತಳು. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಅದೇ ಗೂಟ ಹಿಡಿದಳು.

"ಹಾಕೇ ರಾಗಿ," ಅಂದಳು.

ಅವಳು ಎಳೆದ ಎಳೆತಕ್ಕೆ ನನ್ನ ತೋಳು ಕಿತ್ತು ಬರುವಂತಾಯಿತು. ಜೋಗದ ಕರೆಂಟು ಬಂದು ದರ ಇಳಿಯುವವರೆಗೂ ದಿನಾ ಸಂಜೆ ನಾವಿಬ್ಬರೂ ಆ ಕಲ್ಲಿಗೆ ಕೂತೆವು, ಎದುರುಬದುರು, ಒಂದೇ ಗೂಟಕ್ಕೆ ಎರಡು ಕೈ, ಒಂದು ಮಾತೂ ಇಲ್ಲದೆ. ಬೀಸಿದ್ದು ಎರಡು ಕೈ, ಆದ್ದರಿಂದ ಸೇರಿಗೆ ಒಂದು ಹಿಡಿ ಅವಳದು, ಒಂದು ನನ್ನದು. ಅವಳ ಒಂದು ಹಿಡಿಗೆ ನನ್ನದು ಹತ್ತಿರ ಹತ್ತಿರ ಎರಡು ಬೇಕಾಗುತ್ತಿತ್ತು. ಆ ದರದ ಮೇಲೆ ತಕರಾರು ಹೇಳಲು ನನ್ನನ್ನು ಯಾರೂ ಎಲ್ಲಿಗೂ ಕರೆಯಲಿಲ್ಲ.